ಚಿಕ್ಕಬಸಮ್ಮ ಬದಲಾಯಿಸಿದ ಹುಳಗಳು

ನಮ್ಮ ಅಜ್ಜೀಪುರದಲ್ಲಿ ಚಿಕ್ಕಬಸಮ್ಮನ ಹಾಗೆ ರೇಷ್ಮೆ ಹುಳ ಸಾಕಿದವರು ಇನ್ನೊಬ್ಬರಿಲ್ಲ. ಬರೆದುಕೋ ಮಗಳೇ, ನಿಧಾನವಾಗಿ ಹೇಳುತ್ತೇನೆ. ಗಂಡ ಹೋದ ಮೇಲೆ ನಡುಮನೆಯನ್ನೇ ಹುಳಕ್ಕೆ ಬಿಟ್ಟು ತಾನು ಜಗಲಿಯಲ್ಲಿ ಮಲಗುತ್ತಿದ್ದಳು. ನಾವು ಅಲ್ಲಿ ಜೋರಾಗಿ ಮಾತಾಡಿದರೂ ಬೈಯುತ್ತಿದ್ದಳು. ಕಾಫಿಗೆ ಬೆಲ್ಲ ಮಾತ್ರ ಧಾರಾಳ, ಅದಿರಲಿ.

ಅವಳ ತಂಗಿಯ ಮೊಮ್ಮಗಳು ಕುಸುಮ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಹುಳದ ರೋಗಕ್ಕೆ ಒಂದು ಸೊಪ್ಪಿನ ರಸ ಔಷಧಿಯಾಗುತ್ತದೋ ಇಲ್ಲವೋ ನೋಡಬೇಕಿತ್ತು. ಆ ರಸ ಹಾಕಿ ಮೇಯಿಸಿದ ಹುಳದ ತಟ್ಟೆಗಳಿಗೆ ಕೆಂಪು ದಾರ ಕಟ್ಟಿ ಅಜ್ಜಿಯ ಮನೆಯಲ್ಲಿಟ್ಟಿದ್ದಳು. ನಡುನಡುವೆ ಮೈಸೂರಿಗೆ ಹೋಗಿಬರುತ್ತಿದ್ದಳು. ಗೂಡಿನ ಬೆಳೆ ಚೆನ್ನಾಗಿ ಬಂತು. ಗೈಡು ಹೊಗಳಿದರು, ಲೇಖನ ಅಚ್ಚಿಗೆ ಹೋಯಿತು, ಕಾಲೇಜು ಕೆಲಸ ಸಿಕ್ಕಂತೆಯೇ ಎಂದರು.

ಕುಸುಮ ಮೈಸೂರುಪಾಕು ತಂದ ದಿನ ನಾನೂ ಅಲ್ಲೇ ಇದ್ದೆ.

"ನಿನ್ ಹುಳ ಸಾಯ್ತಿದ್ವು ಕಣವ್ವ," ಎಂದಳು ಚಿಕ್ಕಬಸಮ್ಮ, ನಗುತ್ತಾ. "ನೀ ಮೈಸೂರ್ಗೋದಾಗ ಸತ್ತವ್ನ ಎತ್ತಾಕಿ, ನನ್ ತಟ್ಟೆಯಿಂದ ಚೆನ್ನಾಗಿರವ್ನ ತಂದ್ಬುಟ್ಟೆ. ನಿನ್ ಓದು ಕೆಡಬಾರ್ದಲ್ಲ."

ಕುಸುಮನ ಕೈಯಲ್ಲಿದ್ದ ತುಂಡು ಬಾಯಿಗೆ ಹೋಗಲಿಲ್ಲ.

"ಯಾಕವ್ವ, ತೆಪ್ಪಾಯ್ತಾ?"

"ಸತ್ರೆ ಸತ್ವು ಅಂತ್ಲೇ ನಂಗೆ ಗೊತ್ತಾಗ್ಬೇಕಿತ್ತು ಅಜ್ಜಿ. ಮುಟ್ಬ್ಯಾಡ ಅಂತ ನಾನೇ ಹೇಳಿರ್ನಿಲ್ಲ. ತೆಪ್ಪು ನಂದು."

ಇದನ್ನು ಹೋಗಿ ಹೇಳಿದಾಗ ಗೈಡು ಸುಮ್ಮನಿರು ಎಂದರಂತೆ, ಯಾರಿಗೆ ಗೊತ್ತಾಗುತ್ತೆ ಎಂದರಂತೆ. "ನಮ್ಮೂರೋರು ಇದ್ನೇ ನಂಬ್ಕಂಡು ಹುಳ ಮೇಯಿಸ್ತಾರೆ ಸಾ," ಎಂದು ಇವಳು ಲೇಖನ ವಾಪಸ್ ತರಿಸಿದಳು. ಕೆಲಸ ಇನ್ಯಾರಿಗೋ ಹೋಯಿತು.

ಮುಂದಿನ ಬೆಳೆಗೆ ಮತ್ತೆ ಕೆಂಪು ದಾರದ ತಟ್ಟೆ ಇಟ್ಟಳು. ಈ ಸಲ ತಾನೇ ಕಾವಲು ಕೂತಳು. ಹುಳ ಕಪ್ಪಾಗಿ ಕೊಳೆಯತೊಡಗಿದಾಗ ಚಿಕ್ಕಬಸಮ್ಮ ಸೆರಗಿನಲ್ಲಿ ಕೈ ಸುತ್ತಿಕೊಂಡು ನೋಡುತ್ತಿದ್ದಳು.

"ಒಂದಾದ್ರೂ ಎತ್ಲಾ ಮಗ?"

"ಬ್ಯಾಡ ಅಜ್ಜಿ."

"ಎಲ್ಲಾ ಸತ್ವು ಅಂತ್ಲೇ ಬರ್ದ್ಯಾ?"

"ಊಂ."

ಆಮೇಲೆ ಚಿಕ್ಕಬಸಮ್ಮ ಹುಳ ಸಾಕಲಿಲ್ಲ. ಹುಡುಗಿ ಎಷ್ಟು ಸಮಾಧಾನ ಹೇಳಿದರೂ, ನನ್ನ ಕೈಯಿಂದಲೇ ಅವಳ ಕೆಲಸ ಹೋಯಿತು ಎಂದು ಕೊರಗಿ ಕೊರಗಿ, ಹೋದ ಮಾಘದಲ್ಲಿ ಕಣ್ಣು ಮುಚ್ಚಿದಳು.

ಕುಸುಮ ಈಗ ಕೊಳ್ಳೇಗಾಲದ ಒಂದು ಶಾಲೆಯಲ್ಲಿ ಪಾಠ ಹೇಳುತ್ತಾ ತನ್ನ ಪಿಎಚ್‌ಡಿ ಪುಸ್ತಕ ಮುಗಿಸುತ್ತಿದ್ದಾಳೆ. ಹುಳ ಬದಲಾಯಿಸಿದ್ದನ್ನೂ ಅದರಲ್ಲಿ ಬರೆಯುತ್ತಾಳಂತೆ, ಅಜ್ಜಿಯ ಹೆಸರು ಮಾತ್ರ ಹಾಕುವುದಿಲ್ಲವಂತೆ. ಅದು ಯೂನಿವರ್ಸಿಟಿಯವರ ನಿಯಮ, ಇರಲಿ. ಆದರೆ ಅಷ್ಟು ಪ್ರೀತಿ ಇದ್ದವಳ ಹೆಸರು ಎಲ್ಲಾದರೂ ಇರಬೇಕಲ್ಲ, ಅದಕ್ಕೇ ನಿನ್ನ ಕೈಯಲ್ಲಿ ಬರೆಸುತ್ತಿದ್ದೇನೆ.