ಮಕ್ಕಳು ಎದ್ದು ಹೋದ ಸಾಲು

ಬೇರೆ ಹೆಂಗಸರು ಮಲ್ಲಿಗೆ ಮುಡಿಯುವ ಜಾಗದಲ್ಲಿ ಅವರು ಪೆನ್ಸಿಲ್ ಸಿಕ್ಕಿಸಿಕೊಳ್ಳುತ್ತಿದ್ದರು. ಬೆರಳುದ್ದದ ಮೋಟು ಪೆನ್ಸಿಲ್, ಎರಡೂ ತುದಿ ಚೂಪು, ನರೆತ ತುರುಬಿನ ನಡುವೆ ಅಡ್ಡಕ್ಕೆ. ಶಂಕರಪುರದ ಕಡೆಯಿಂದ ಬರುವ ಮಕ್ಕಳ ತಾಯಂದಿರು ಕಟ್ಟಿ ಕಳಿಸಿದ ಮಲ್ಲಿಗೆ ಮೇಜಿನ ಮೇಲೆ ನೀರಿನ ಲೋಟದಲ್ಲಿ ಬಿದ್ದಿರುತ್ತಿತ್ತು. ಆ ಪೆನ್ಸಿಲ್ ನೆನಪಾದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಅವರು ಕಾಪುವಿನ ಸಣ್ಣದೊಂದು ಶಾಲೆಯ ಮುಖ್ಯೋಪಾಧ್ಯಾಯಿನಿ. ನಾನು ಅವರನ್ನು ಕರೆದದ್ದು ಟೀಚರ್ ಎಂದೇ. ನಾನಾದರೋ ಮಣಿಪಾಲದ ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿಕೊಂಡು, ಪರ್ಕಳದ ಬಾಡಿಗೆ ಮನೆಯಲ್ಲಿ ಕುಳಿತು ಮಕ್ಕಳ ಕತೆ ಬರೆಯುವವಳು. ನನ್ನ ಮೊದಲ ಪುಸ್ತಕ ಆಗಷ್ಟೇ ಬಂದಿತ್ತು. ಓದುವ ಹುಚ್ಚಿನ ಕೆಲವು ಗೆಳೆಯರು ಸೇರಿ ಮಕ್ಕಳ ಲೇಖಕರನ್ನು ಶಾಲೆಗಳಿಗೆ ಕಳಿಸುವ ಕೆಲಸ ಶುರುಮಾಡಿದ್ದರು. ಬೆಳಿಗ್ಗೆ ಕತೆ ಓದುವುದು, ಊಟವಾದ ಮೇಲೆ ಮಕ್ಕಳಿಂದ ಬರೆಸುವುದು. ಕಾರ್ಕಳದಲ್ಲಿ ನನಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಸಿಕ್ಕಿತು. ಹಿರಿಯಡ್ಕದಲ್ಲಿ ಮಕ್ಕಳು ಕೈಕಟ್ಟಿ ಕುಳಿತು ಕೇಳಿದರು, ಪ್ರತಿ ಪುಟಕ್ಕೂ ಚಪ್ಪಾಳೆ ಹೊಡೆದರು. ಹಿಂದೆ ನಿಂತು ಅವರಿಗೆ ಕೈಸನ್ನೆ ಮಾಡುತ್ತಿದ್ದ ಮಾಸ್ತರರು ನನಗೆ ಕಂಡಿದ್ದರು, ಆದರೆ ಕಾಣದವಳ ಹಾಗೆ ಇದ್ದುಬಿಟ್ಟೆ.

ಹಾಗೆ ಉಬ್ಬಿಕೊಂಡು ಕಾಪುವಿಗೆ ಹೋದೆ. ಹಾರವೂ ಇಲ್ಲ, ಸ್ವಾಗತ ಭಾಷಣವೂ ಇಲ್ಲ. ಟೀಚರ್ ತರಗತಿಯ ಎರಡೂ ಬಾಗಿಲು ತೆರೆದಿಟ್ಟು ಮಕ್ಕಳಿಗೆ ಹೇಳಿದರು: "ಇವರು ಕತೆ ಓದ್ತಾರೆ. ಚಂದ ಆದ್ರೆ ಕೂತ್ಕೊಳ್ಳಿ. ಬೋರಾದ್ರೆ ಎದ್ದು ಹೊರಗೆ ಹೋಗಿ ಆಡಿ. ಯಾರೂ ಬೈಯುದಿಲ್ಲ. ಶಬ್ದ ಮಾತ್ರ ಮಾಡ್ಬೇಡಿ."

ತಮಾಷೆ ಎಂದುಕೊಂಡೆ. ಅವರು ನನ್ನ ಪುಸ್ತಕದ ಒಂದು ಪ್ರತಿ ಹಿಡಿದು ಹಿಂದಿನ ಬೆಂಚಿನಲ್ಲಿ ಕುಳಿತು ತುರುಬಿನಿಂದ ಪೆನ್ಸಿಲ್ ತೆಗೆದರು. ಎರಡನೇ ಪುಟಕ್ಕೆ ಒಬ್ಬಳು ಎದ್ದಳು. ಮೂರನೇ ಪುಟಕ್ಕೆ ಇಬ್ಬರು. ಒಂದು ಕಡೆಯಂತೂ ಐದು ಮಕ್ಕಳು ಒಟ್ಟಿಗೇ ಎದ್ದು, ನನಗೆ ನಗುಮುಖದಿಂದ ಟಾಟಾ ಮಾಡಿ ಹೋದರು. ಕತೆ ಮುಗಿಯುವಾಗ ಅರ್ಧ ತರಗತಿ ಖಾಲಿ. ಹೊರಗೆ ಕುಂಟೆಬಿಲ್ಲೆ ಜೋರಾಗಿ ನಡೆದಿತ್ತು.

ಟೀಚರ್ ಪುಸ್ತಕವನ್ನು ನನ್ನ ಕೈಗೆ ಕೊಟ್ಟರು. ಅಂಚಿನ ತುಂಬ ಸಣ್ಣ ಸಣ್ಣ ಗೆರೆ, ಪ್ರತಿ ಗೆರೆಯ ಪಕ್ಕ ಒಂದೊಂದು ಅಕ್ಷರ.

"ಇದು ಎಂತ ಟೀಚರ್?"

"ಮಕ್ಕಳು ಎದ್ದು ಹೋದ ಸಾಲು. ಪಕ್ಕದಲ್ಲಿ ಇರುದು ಅವರ ಹೆಸರಿನ ಮೊದಲ ಅಕ್ಷರ."

"ಅಚ್ಚಾದ ಪುಸ್ತಕ ಇದು. ಇನ್ನು ಗೆರೆ ಎಳೆದು ಎಂತ ಪ್ರಯೋಜನ?"

"ಮುಂದಿನದ್ದು ಅಚ್ಚಾಗ್ಲಿಲ್ಲ ಅಲ್ವಾ?" ಎಂದು ಪೆನ್ಸಿಲನ್ನು ತುರುಬಿಗೆ ಸಿಕ್ಕಿಸಿಕೊಂಡರು.

ಊಟವಾದ ಮೇಲಾದರೂ ಮಾನ ಉಳಿಸಿಕೊಳ್ಳೋಣವೆಂದು 'ನಾನು ಮೋಡವಾಗಿದ್ದರೆ' ಎಂದು ಬೋರ್ಡಿನ ಮೇಲೆ ಬರೆದೆ. ಎಲ್ಲ ಶಾಲೆಗಳಲ್ಲೂ ಗೆದ್ದ ವಿಷಯ ಅದು. ಟೀಚರ್ ಸುಮ್ಮನೆ ಬಂದು ಡಸ್ಟರ್ ತೆಗೆದುಕೊಂಡು ಒರೆಸಿಬಿಟ್ಟರು. "ಮೋಡದ ಬಗ್ಗೆ ಇವರು ಹೋದ ವರ್ಷವೂ ಬರೆದಿದ್ದಾರೆ, ಮಾರಾಯ್ರೆ. ಎಲ್ಲರ ಮೋಡವೂ ರೈತನಿಗೆ ಮಳೆ ಕೊಟ್ಟಿದೆ." ಆಮೇಲೆ ಮಕ್ಕಳ ಕಡೆ ತಿರುಗಿ, "ಇವತ್ತು ಬೆಳಿಗ್ಗೆ ಮನೆಯಲ್ಲಿ ಯಾರಿಗೆ ಸಿಟ್ಟು ಬಂತು? ಬರೀರಿ" ಎಂದರು. ಮಕ್ಕಳು ತಲೆ ತಗ್ಗಿಸಿ ಬರೆದದ್ದೇ ಬರೆದದ್ದು. ಒಬ್ಬಳು ಬರೆದಿದ್ದಳು: 'ಅಮ್ಮ ಮಲ್ಲಿಗೆ ಕಟ್ಟುವಾಗ ಮಾತಾಡಬಾರದು. ಅಪ್ಪ ಮಾತಾಡಿದರು. ಅಮ್ಮ ಹೂವಿನ ಬುಟ್ಟಿ ತೆಗೆದುಕೊಂಡು ಪಕ್ಕದ ಮನೆಗೆ ಹೋದರು.' ನನ್ನ ಇಡೀ ಪುಸ್ತಕದಲ್ಲಿ ಅಂಥ ಮೂರು ಸಾಲು ಇರಲಿಲ್ಲ. ಅದು ಗೊತ್ತಾಗಿ ನನಗೆ ಇನ್ನಷ್ಟು ಸಿಟ್ಟು ಬಂತು.

ಬಸ್ಸಿನುದ್ದಕ್ಕೂ ಹಲ್ಲು ಕಡಿದುಕೊಂಡೇ ಬಂದೆ. ಇನ್ನು ಸತ್ತರೂ ಆ ಶಾಲೆಗೆ ಕಾಲಿಡುವುದಿಲ್ಲ ಎಂದುಕೊಂಡೆ. ಆದರೆ ಮನೆಯಲ್ಲಿ ಪುಸ್ತಕ ತೆರೆದರೆ ಆ ಐದು ಗೆರೆಗಳು ಒಂದೇ ಸಾಲಿನ ಪಕ್ಕದಲ್ಲಿ ಸಾಲಾಗಿ ನಿಂತಿದ್ದವು. 'ಜುಲೈ ತಿಂಗಳ ಜಡಿಮಳೆಯಲ್ಲಿ ಅಪ್ಪ ಹಾಡು ಹೇಳುತ್ತ ಬೋಟು ಹತ್ತಿ ಸಮುದ್ರಕ್ಕೆ ಹೊರಟ.' ಎಷ್ಟು ಚಂದದ ಸಾಲು! ಏನು ತಪ್ಪಿದೆ ಇದರಲ್ಲಿ? ವಾರವಿಡೀ ತಲೆ ಕೆಡಿಸಿಕೊಂಡು, ಕೊನೆಗೆ ನಾಚಿಕೆ ಬಿಟ್ಟು ಮತ್ತೆ ಕಾಪುವಿಗೆ ಹೋದೆ.

"ನನ್ನ ಹತ್ರ ಎಂತ ಕೇಳುದು? ಎದ್ದವರನ್ನೇ ಕೇಳಿ" ಎಂದು ಟೀಚರ್ ಒಬ್ಬ ಹುಡುಗಿಯನ್ನು ಕರೆದರು. ಅವಳ ಅಪ್ಪ ಮಲ್ಪೆಯ ಬೋಟಿನಲ್ಲಿ ದುಡಿಯುವವರು.

"ಜುಲೈಯಲ್ಲಿ ಬೋಟು ಬಂದ್ ಅಲ್ವಾ?" ಎಂದಳು ಅವಳು, ನನಗೆ ನೋವಾಗಬಾರದೆಂದು ಮೆಲ್ಲಗೆ. "ಎಲ್ಲ ದಡದಲ್ಲಿ ಕಟ್ಟಿ ಹಾಕಿರ್ತಾರೆ. ಅಪ್ಪ ಮನೆಯಲ್ಲಿ ಬಲೆ ರಿಪೇರಿ ಮಾಡ್ತಾ ಇರ್ತಾರೆ. ಹಾಡು ಎಲ್ಲ ಹೇಳುದಿಲ್ಲ. ಆ ತಿಂಗಳು ಅವರಿಗೆ ಭಯಂಕರ ಸಿಟ್ಟು."

ಕಾಪುವಿನ ಬೀಚಿಗೆ ಗಾಳಿ ಕುಡಿಯಲು ಎಷ್ಟು ಸಲ ಬಂದಿದ್ದೆನೋ. ಮಳೆಗಾಲದಲ್ಲಿ ಬೋಟು ಇಳಿಯುವುದಿಲ್ಲ ಎಂಬುದು ಮಾತ್ರ ನನಗೆ ಹೊಳೆದಿರಲಿಲ್ಲ. ಟೀಚರ್ ನಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಹೊಸದು ಬರೆದಾಗ ತನ್ನಿ" ಎಂದರು ಅಷ್ಟೆ.

ಅಲ್ಲಿಂದ ಹನ್ನೆರಡು ವರ್ಷ ನಾನು ಬರೆದ ಒಂದೊಂದು ಕತೆಯನ್ನೂ ಅಚ್ಚಿಗೆ ಮೊದಲು ಆ ತರಗತಿಯಲ್ಲಿ ಓದಿದೆ. ಒಂದೊಂದು ಸಲವೂ ಗೆರೆ ಎಳೆಸಿಕೊಂಡು ಬಂದೆ. ಗೆರೆ ಕಡಿಮೆಯಾಗುತ್ತ ಬಂತು, ಆದರೆ ಟೀಚರ್ ಬಾಯಿಂದ ಒಂದು ಒಳ್ಳೆಯ ಮಾತು ಬರಲಿಲ್ಲ. ನನ್ನ ಮೂರನೇ ಪುಸ್ತಕಕ್ಕೆ ಎಲ್ಲಿಂದಲೋ ಬಹುಮಾನ ಬಂದು ಸಿಹಿ ತೆಗೆದುಕೊಂಡು ಓಡಿದರೆ, "ಬಹುಮಾನ ಕೊಟ್ಟವರೆಲ್ಲ ದೊಡ್ಡವರು ಅಲ್ವಾ?" ಎಂದು ಸಿಹಿಯನ್ನು ಮಕ್ಕಳಿಗೆ ಹಂಚಿಬಿಟ್ಟರು. ಎಂಥ ಹೆಂಗಸು! ನನಗೆ ಒಂದೇ ಹಟ ಹಿಡಿಯಿತು. ಈಕೆಯ ಬಾಯಲ್ಲಿ ಒಂದೇ ಒಂದು ಸಲ 'ಚಂದ ಉಂಟು' ಎನ್ನಿಸಬೇಕು. ಆಮೇಲೆ ಬೇಕಾದರೆ ಬರೆಯುವುದನ್ನೇ ಬಿಡುತ್ತೇನೆ.

ಅವರು ನಿವೃತ್ತರಾದರು. ಮರುವರ್ಷ ಕಾಯಿಲೆ ಬಿದ್ದು ಮಣಿಪಾಲದ ಆಸ್ಪತ್ರೆ ಸೇರಿದರು. ನೋಡಲು ಹೋದರೆ ಹೇಗಿದ್ದೀರಿ ಎಂದು ಕೇಳಲೂ ಬಿಡಲಿಲ್ಲ. "ಹೊಸದು ತಂದಿದ್ದೀರಾ?"

ಚೀಲದಲ್ಲಿ ಹಸ್ತಪ್ರತಿ ಇತ್ತು. ಸಮುದ್ರಕ್ಕೆ ಹೋದ ಅಪ್ಪನ ಬೋಟು ಎರಡು ದಿನವಾದರೂ ಮರಳದೆ, ಮನೆಯಲ್ಲಿ ಕಾಯುವ ಹುಡುಗಿಯ ಕತೆ. ಈ ಸಲ ತಿಂಗಳು ಡಿಸೆಂಬರ್. ಟೀಚರ್ ದಿಂಬಿನ ಅಡಿಯಿಂದ ಮೋಟು ಪೆನ್ಸಿಲ್ ತೆಗೆದು ನನ್ನ ಕೈಗೆ ಕೊಟ್ಟರು. "ನನಗೆ ಎದ್ದು ಹೋಗ್ಲಿಕ್ಕೆ ಆಗುದಿಲ್ಲ. ಬೋರಾದ್ರೆ ಕಣ್ಣು ಮುಚ್ತೇನೆ. ನೀವೇ ಗೆರೆ ಹಾಕ್ಕೊಳ್ಳಿ."

ನಾನು ಒಂದು ಕಣ್ಣು ಕಾಗದದ ಮೇಲೆ, ಒಂದು ಕಣ್ಣು ಅವರ ಮೇಲಿಟ್ಟು ಓದಿದೆ. ಅವರು ಕಣ್ಣು ಮುಚ್ಚಲಿಲ್ಲ. ಆರು ಪುಟ, ಏಳು ಪುಟ. 'ಅಷ್ಟರಲ್ಲಿ ಯಾರೋ ಬಾಗಿಲು ತಟ್ಟಿದರು' ಎಂಬಲ್ಲಿಗೆ ಬಂದಾಗ ನರ್ಸ್ ಒಳಗೆ ಬಂದು ಸಮಯವಾಯಿತು ಎಂದಳು.

"ಬಾಗಿಲು ತಟ್ಟಿದ್ದು ಯಾರು?" ಟೀಚರ್ ಕೇಳಿದರು.

ಇಷ್ಟು ವರ್ಷದಲ್ಲಿ ಅವರು ನನ್ನ ಕತೆಯ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಅದು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಹಳೆಯ ಸಿಟ್ಟೂ ಹಾಗೇ ಇತ್ತು.

"ನಾಳೆ ಬಂದು ಓದ್ತೇನೆ. ಸ್ವಲ್ಪ ಕಾಯಿರಿ ನೀವೂ" ಎಂದೆ.

"ಹೇಳಿ ಹೋಗಿ, ಮಾರಾಯ್ರೆ."

"ಇಲ್ಲ. ನಾಳೆ."

ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಾನು ಗೆದ್ದವಳ ಹಾಗೆ ಬೀಗುತ್ತ ಮನೆಗೆ ಬಂದೆ.

ಬೆಳಿಗ್ಗೆ ಹೊರಡುವಾಗ ಅವರ ತಂಗಿಯ ಫೋನ್ ಬಂತು. ಆಸ್ಪತ್ರೆಗೆ ಬರುವುದು ಬೇಡ, ಕಾಪುವಿನ ಮನೆಗೆ ಬನ್ನಿ ಎಂದರು.

ಜಗಲಿಯಲ್ಲಿ ಮಲಗಿಸಿದ್ದರು. ಯಾರೋ ತುರುಬಿನ ತುಂಬ ಮಲ್ಲಿಗೆ ಮುಡಿಸಿದ್ದರು, ಅವರು ಅವರ ಹಾಗೆ ಕಾಣುತ್ತಲೇ ಇರಲಿಲ್ಲ. ಎಂಥ ಮೂರ್ಖತನ ಮಾಡಿದೆ ನಾನು. ಒಂದು ಮಾತು ಹೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಬಗ್ಗಿ ಅವರ ಕಿವಿಯ ಹತ್ತಿರ ಹೇಳಿದೆ: "ಅಪ್ಪನೇ ಟೀಚರ್. ತಟ್ಟಿದ್ದು ಅಪ್ಪ. ಬಂದ." ತಂಗಿ ನನ್ನನ್ನು ವಿಚಿತ್ರವಾಗಿ ನೋಡಿದರು.

ಹೊರಗೆ ಮೆಟ್ಟಿಲ ಮೇಲೆ ಕುಳಿತು ಹಸ್ತಪ್ರತಿ ತೆರೆದೆ. ಅವರ ಪೆನ್ಸಿಲ್ ನನ್ನ ಚೀಲದಲ್ಲೇ ಉಳಿದಿತ್ತು. ಬಾಗಿಲು ತಟ್ಟಿದ ಸಾಲಿನ ಪಕ್ಕ ಒಂದು ಗೆರೆ ಎಳೆದು, 'ಟೀ' ಎಂದು ಬರೆದೆ. ಆಮೇಲೆ ಅಭ್ಯಾಸಬಲದಿಂದ ತಪ್ಪು ಹುಡುಕಿದೆ. ಹತ್ತು ಸಲ ಓದಿದೆ. ಆ ಸಾಲಿನಲ್ಲಿ ತಪ್ಪೇನೂ ಇರಲಿಲ್ಲ.