ಪೆತ್ರೋನಾ ಕೇಳಿದ ಎಂಟು ಆವರ್ತ

ಉರುಬಿಚಾ ಎಂಬ ಊರಿನ ಪೆತ್ರೋನಾ ಒರೆಯಾಯಿ ಹಗಲೆಲ್ಲ ಹತ್ತಿ ನೂಲಿನ ಜೋಲಿ ನೇಯುತ್ತಿದ್ದಳು, ಸಂಜೆ ಇಗರ್ಜಿಯ ವಾದ್ಯವೃಂದದಲ್ಲಿ ಪಿಟೀಲಿಗಿಂತ ತುಸು ದೊಡ್ಡದಾದ ವಯೋಲಾ ನುಡಿಸುತ್ತಿದ್ದಳು. ಪಾದ್ರಿಗಳ ಕಾಲದಿಂದ ಉಳಿದುಬಂದ ಹಾಳೆಗಳಲ್ಲಿ ಎರಡು ಪಿಟೀಲಿಗೆ ಸ್ವರವಿತ್ತು, ಕೆಳಗೆ ಮಂದ್ರದಲ್ಲಿ ನುಡಿಯುವ ಚೆಲ್ಲೋಗೆ ಇತ್ತು. ವಯೋಲಾಗೆ ಏನೂ ಇರಲಿಲ್ಲ. ಮೂವತ್ತು ವರ್ಷ ಅವಳು ಚೆಲ್ಲೋದ ಸ್ವರಗಳನ್ನೇ ಒಂದು ಸ್ಥಾಯಿ ಮೇಲೆ ನುಡಿಸುತ್ತ ಬಂದಿದ್ದಳು. ಯಾರಿಗೂ ಅದು ಕೊರತೆ ಎನಿಸಿರಲಿಲ್ಲ.

ಅದೇ ವೃಂದದ, ಹತ್ತೊಂಬತ್ತು ವರ್ಷದ ಯಾನಿರಾ ಆ ಹಾಳೆಗಳನ್ನೇ ನುಡಿಸಿ ಬೆಳೆದವಳು. ನಾಲ್ಕು ವಾದ್ಯಗಳಿಗೆಂದು ತನ್ನ ಮೊದಲ ಕೃತಿ ಬರೆಯುವಾಗಲೂ ಅವಳ ಕೈ ಹಳೆಯ ದಾರಿಯನ್ನೇ ಹಿಡಿಯಿತು. ಭಾನುವಾರದ ಪೂಜೆಯ ನಂತರ ಅದನ್ನು ನುಡಿಸುವುದೆಂದು ನಿಗದಿಯಾಗಿತ್ತು. ಗುರುವಾರದ ಅಭ್ಯಾಸದಲ್ಲಿ ಮೂರು ಸಲವೂ ನಡುವಿನ ಭಾಗ ಸೊರಗಿಹೋಯಿತು. ಮೊದಲ ಪಿಟೀಲಿನ ಫೆರ್ಮಿನ್, "ಎತ್ತು ನಡುದಾರೀಲಿ ನಿದ್ದೆ ಹೋದಂಗಾಯ್ತಲ್ಲಮ್ಮ. ಭಾನುವಾರ ಹಳೇದನ್ನೇ ನುಡ್ಸೋಣ ಬಿಡು" ಎಂದ.

ಶುಕ್ರವಾರ ಬೆಳಿಗ್ಗೆ ಯಾನಿರಾ ತನ್ನ ಕೃತಿಯ ವಯೋಲಾ ಹಾಳೆಗಳನ್ನು ವಾಪಸು ಪಡೆಯಲು ಪೆತ್ರೋನಾಳ ಮನೆಗೆ ಹೋದಳು. ಇನ್ನು ಬರೆಯುವುದೇ ಇಲ್ಲ ಎಂದುಕೊಂಡಿದ್ದಳು. ಪೆತ್ರೋನಾ ಮಗ್ಗದಿಂದೆದ್ದು, ಕುಡಿಯಲು ಜೋಳದ ಪಾನೀಯ ಚಿಚಾ ಕೊಟ್ಟು, ವಯೋಲಾವನ್ನು ಅವಳ ಕೈಗಿತ್ತು ತನ್ನ ಭಾಗ ನುಡಿಸೆಂದಳು. ತಾನು ಚೆಲ್ಲೋ ಭಾಗವನ್ನು ಗುನುಗಿದಳು. ಎರಡು ಸಾಲು ಮುಗಿಯುವಷ್ಟರಲ್ಲಿ ಯಾನಿರಾ ಕಮಾನು ಇಳಿಸಿದಳು. ಎರಡೂ ಒಂದೇ.

"ಎರಡನೇ ಪಿಟೀಲು ಕೇಳಿದ್ದಕ್ಕೆ ಮೊದಲ್ನೇದು ಉತ್ತರ ಕೊಡದೆ ಸುಮ್ಮನಾಗ್ತದಲ್ಲ, ಅಲ್ಲಿ ನಾನು ಎಣಿಕೆ ಮರ್ತು ಕೇಳ್ತಾ ಕೂತ್ಬಿಟ್ಟೆ ಮಗಳೇ. ಅದನ್ನ ಮುಟ್ಬೇಡ. ಆದ್ರೆ ಆಮೇಲೆ ಯಾರೂ ಮಾತಾಡಲ್ಲ. ನಾನು ಚೆಲ್ಲೋ ಹಿಂದೆ ನಾಯಿ ಥರ ಹೋಗ್ತಿರ್ತೀನಿ. ಆ ಉತ್ತರ ನಂಗೆ ಕೊಡು. ಎಂಟು ಆವರ್ತ ಸಾಕು. ಅಷ್ಟು ಹೊತ್ತು ಫೆರ್ಮಿನ್ ಬಾಯಿ ಮುಚ್ಕೊಂಡಿದ್ರೆ ಊರಿಗೂ ಒಳ್ಳೇದು" ಎಂದಳು ಪೆತ್ರೋನಾ.

ಯಾನಿರಾಗೆ ನಗು ಬಂತು, ಜೊತೆಗೆ ಕಣ್ಣೂ ತುಂಬಿತು. ಚೆನ್ನಾಗಿದೆ, ಚೆನ್ನಾಗಿಲ್ಲ ಎಂದವರು ಬಹಳ ಮಂದಿ. ಎಲ್ಲಿ, ಏಕೆ ಎಂದು ಬೆರಳಿಟ್ಟು ತೋರಿಸಿದವಳು ಇವಳೊಬ್ಬಳೇ. ನೂಲು ಎಳೆದೆಳೆದು ಬಿರುಸಾದ ತನ್ನ ಬೆರಳುಗಳಿಗೆ ಯಾವ ಸ್ವರ ಎಟುಕುತ್ತದೆ, ಯಾವುದು ಎಟುಕುವುದಿಲ್ಲ ಎಂಬುದನ್ನೂ ಪೆತ್ರೋನಾ ನುಡಿಸಿ ತೋರಿಸಿದಳು. ಮರಗೆಣಸು ಬೇಯುವ ಹೊತ್ತಿಗೆ ಎಂಟು ಆವರ್ತಗಳೂ ಹಾಳೆಯ ಮೇಲಿದ್ದವು.

ಶನಿವಾರದ ಅಭ್ಯಾಸದಲ್ಲಿ ಫೆರ್ಮಿನ್ ತಾನು ನುಡಿಸದೆ ಬಿಡಬೇಕಾದ ಎಂಟು ಆವರ್ತಗಳನ್ನು ತುಟಿಯಲ್ಲೇ ಎಣಿಸಿದ. ಹಳೆಯದರ ಮಾತೆತ್ತಲಿಲ್ಲ.

ಭಾನುವಾರ ವಯೋಲಾ ಒಂಟಿಯಾಗಿ ಎದ್ದು ಬಂದಾಗ ಇಗರ್ಜಿಯಲ್ಲಿ ಬೀಸಣಿಗೆಗಳು ನಿಂತವು. ನಾಲ್ಕನೇ ಆವರ್ತದಲ್ಲಿ ಒಂದು ಸ್ವರ ತಪ್ಪಿತು. ಆದರೂ ಜನ ಕೊನೆಯವರೆಗೆ ಕಿವಿಗೊಟ್ಟು ಕೇಳಿದರು.

ಯಾನಿರಾ ಓಡಿಬಂದು ಪೆತ್ರೋನಾಳ ಎರಡೂ ಕೈ ಹಿಡಿದುಕೊಂಡಳು. ಪೆತ್ರೋನಾ ಸಂಕೋಚದಿಂದ ಹೇಳಿದಳು: "ಒಬ್ಳೇ ಮಾತಾಡಿ ಅಭ್ಯಾಸ ಇಲ್ವಲ್ಲ ಮಗಳೇ, ತಡವರಿಸ್ಬಿಟ್ಟೆ. ಇನ್ನೊಂದು ಬರಿ, ಅಷ್ಟರಲ್ಲಿ ಕಲ್ತ್ಕೋತೀನಿ."