ವಕೀಲನ ಬಲ ಅಂಗೈ

ಅವನು ಲಿಫ್ಟ್ ರಿಪೇರಿ ಮಾಡುವವನು. ಕಂಪನಿಯಲ್ಲಿ ಮಾತ್ರ ಎಲ್ಲರ ಬಾಯಲ್ಲೂ ‘ವಕೀಲ’. ಮನಸ್ಸಿಗೆ ಏನಾದರೂ ಅನಿಸಿದರೆ ಸಾಕು, ಅದರ ಪರವೂ ವಿರುದ್ಧವೂ ತಾನೇ ವಾದಿಸಿ, ತೀರ್ಪು ಬರುವಷ್ಟರಲ್ಲಿ ತಟ್ಟೆಯಲ್ಲಿದ್ದ ಊಟ ತಣ್ಣಗಾಗಿಸಿಕೊಳ್ಳುವ ಆಸಾಮಿ. ಅತ್ತರೆ ಯಾಕೆ ಅತ್ತೆ ಎಂದು ವಿಚಾರಣೆ. ನಕ್ಕರೆ ಅದು ನಿಜವಾದ ನಗುವೇ ಎಂದು ಮರುವಿಚಾರಣೆ.

ಒಮ್ಮೆ ಅವನು ಲಿಫ್ಟಿನ ತಲೆಯ ಮೇಲೆ ನಿಂತು ಕೆಲಸ ಮಾಡುತ್ತಿದ್ದಾಗ ಅದು ಗಕ್ಕನೆ ಮೊಳದುದ್ದ ಇಳಿದು ನಿಂತಿತು. ಒಂದು ಗೀರೂ ಆಗಲಿಲ್ಲ. ಆದರೆ ಅಂದಿನಿಂದ, ಲಿಫ್ಟ್ ಓಡಾಡುವ ಬಾವಿಯಂಥ ಶಾಫ್ಟಿನ ಬಾಗಿಲು ತೆರೆದು ಒಳಗಿನ ಕತ್ತಲು ಕಂಡರೆ ಅವನ ಕೈಕಾಲು ತಣ್ಣಗಾಗುತ್ತಿದ್ದವು. ಯಾಕೆ ಎಂದು ವಿವರಿಸಲು ಬೇಕಾದಷ್ಟು ಕಾರಣ ಗೊತ್ತಿತ್ತು. ಮತ್ತೆ ಲಿಫ್ಟಿನ ಮೇಲೆ ಹತ್ತಲು ಮಾತ್ರ ಗೊತ್ತಾಗುತ್ತಿರಲಿಲ್ಲ.

“ಸೋಮವಾರ ಆಸ್ಪತ್ರೆ ಲಿಫ್ಟ್ ಇದೆ,” ಎಂದರು ಸೂಪರ್‌ವೈಸರ್. “ಹತ್ತಿದ್ರೆ ಕೆಲಸ ಇದೆ. ಇಲ್ಲಾಂದ್ರೆ ಬೇರೆ ನೋಡ್ಕೊ ಮಾರಾಯ.”

ಅಕ್ಕ ಅವನನ್ನು ಬೈದು, ಪುಸಲಾಯಿಸಿ, ಮೈಯ ಮೂಲಕ ಮನಸ್ಸಿಗೆ ಚಿಕಿತ್ಸೆ ಮಾಡುವ ಒಬ್ಬ ಥೆರಪಿಸ್ಟ್ ಬಳಿ ಕಳಿಸಿದಳು. ಅವರ ಕೋಣೆ ಐದನೇ ಮಹಡಿಯಲ್ಲಿತ್ತು. ಲಿಫ್ಟ್ ರಿಪೇರಿಯವನು ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ ಕುರ್ಚಿಯಲ್ಲಿ ಕುಳಿತ.

“ಭಯ ಎಲ್ಲಿದೆ?” ಥೆರಪಿಸ್ಟ್ ಕೇಳಿದರು.

“ನಮ್ಮಪ್ಪನ ಸ್ವಭಾವದಲ್ಲಿ, ಮೇಡಂ. ಅವರು ಸ್ಟೂಲ್ ಹತ್ತೋಕೂ...”

“ನಿಮ್ಮಪ್ಪ ಇಲ್ಲಿ ಬಂದಿಲ್ಲ. ನಿಮ್ಮ ಮೈಯಲ್ಲಿ ಎಲ್ಲಿದೆ?”

ಕಳೆದುಹೋದ ಕೀಲಿಕೈ ಹುಡುಕುವವನಂತೆ ಅವನು ತನ್ನನ್ನೇ ಮೇಲಿಂದ ಕೆಳಗೆ ನೋಡಿಕೊಂಡ. “ತಲೇಲಿ ಇರ್ಬೇಕು. ಯಾಕಂದ್ರೆ...”

“ಯಾಕಂದ್ರೆ ಬೇಡ. ಜಾಗ ಮಾತ್ರ ಹೇಳಿ.”

‘ಯಾಕಂದ್ರೆ’ ಕಿತ್ತುಕೊಂಡಾಗ ಅವನಿಗೆ ನಡುಬೀದಿಯಲ್ಲಿ ಪಂಚೆ ಕಳಚಿದಂತಾಯಿತು. ಕಣ್ಣು ಮುಚ್ಚಿ ಮತ್ತೆ ಹುಡುಕಿದ. ಬಹಳ ಹೊತ್ತಿನ ಮೇಲೆ, ಪಕ್ಕೆಲುಬಿನ ಕೆಳಗೆ ಯಾರೋ ಒದ್ದೆ ಬಟ್ಟೆ ಹಿಂಡುತ್ತಿರುವುದು ಗೊತ್ತಾಯಿತು. ಅದಕ್ಕೆ ವಾದವೂ ಇರಲಿಲ್ಲ, ಕಾರಣವೂ ಇರಲಿಲ್ಲ. ಅವನಿಗೆ ಇನ್ನಷ್ಟು ಹೆದರಿಕೆಯಾಯಿತು.

“ಬಿಡಿಸೋಕೆ ಹೋಗ್ಬೇಡಿ,” ಎಂದರು ಅವರು. “ಭಯ ಬಂದಾಗ ಎಲ್ಲಿದೆ ಅಂತ ನೋಡಿ. ಅಷ್ಟು ಸಾಕು.”

ಸೋಮವಾರ ಜೊತೆಗೆ ಬಂದವರು ಅಕ್ಕನ ಗಂಡ, ಅದೇ ಕಂಪನಿಯ ಹಳಬರು. ಈ ಕೆಲಸದಲ್ಲಿ ಒಂದು ಕಟ್ಟಳೆ ಇದೆ: ಕೈ ಮಾಡಿದ್ದನ್ನು ಬಾಯಿ ಕೂಗಬೇಕು, ಜೊತೆಯವನು ಅದನ್ನೇ ಮರುಕೂಗಬೇಕು. ಶಾಫ್ಟಿನ ಬಾಗಿಲು ತೆರೆದಿರುವವರೆಗೆ ಲಿಫ್ಟ್ ಅಲುಗದು. ಬಾಗಿಲು ಮುಚ್ಚಿತೋ, ಲಿಫ್ಟಿನ ತಲೆಯ ಮೇಲಿನ ಕೆಂಪು ‘ಸ್ಟಾಪ್’ ಬಟನ್ ಒತ್ತದೇ ಇದ್ದರೆ, ಕರೆದ ಮಹಡಿಗೆ ಓಡುತ್ತದೆ. ಮೇಲೆ ನಿಂತವರ ಅಪ್ಪಣೆ ಕೇಳುವುದಿಲ್ಲ.

ಅವನು ಕತ್ತಲೊಳಗೆ ಬಗ್ಗಿದ. “ಸ್ಟಾಪ್ ಒತ್ತಿದೆ!”

“ಸ್ಟಾಪ್ ಒತ್ತಿದೆ!” ಭಾವ ಮರುಕೂಗಿದರು. ಇಬ್ಬರೂ ಲಿಫ್ಟಿನ ಮೇಲೆ ಇಳಿದರು. “ಅಂತೂ ಬಂದ್ಯಲ್ಲೋ ವಕೀಲ. ನಿಮ್ಮಕ್ಕನಿಗೆ ಇವತ್ತಾದ್ರೂ ನಿದ್ದೆ ಬರುತ್ತೆ.” ಹೇಳುತ್ತಲೇ ಹಿಡಿತಕ್ಕೆಂದು ಒಂದು ಕೈಯನ್ನು, ಲಿಫ್ಟ್ ಜಾರುವ ಗೋಡೆಯ ಕಂಬಿಯ ಹಿಂದೆ ತೂರಿಸಿ, ಇನ್ನೊಂದನ್ನು ಬಾಗಿಲಿಗೆ ಚಾಚಿದರು. “ಬಾಗಿಲು ಹಾಕ್ಲಾ?”

ಮತ್ತೆ ಭಯ ಬಂತು. ಒಳಗಿನ ವಕೀಲ ಎದ್ದು ನಿಂತ: ಇದು ಹಳೆಯ ಭಯ, ಮೈ ಅದನ್ನು ಮರೆತಿಲ್ಲ ಅಷ್ಟೆ, ಆದ್ದರಿಂದ ಅಪಾಯವಿಲ್ಲ. ಚೊಕ್ಕ ವಾದ. ‘ಹಾಕಿ’ ಎಂಬ ಮಾತು ತುಟಿಗೆ ಬಂದಿತ್ತು.

ಎಲ್ಲಿದೆ?

ಪಕ್ಕೆಲುಬಿನ ಕೆಳಗಲ್ಲ. ಈ ಸಲ ಬಲ ಅಂಗೈಯಲ್ಲಿ. ಆ ಬಟನ್ ತುಂಬ ಬಿಗಿ; ಒತ್ತಿದರೆ ಅಂಗೈಯಲ್ಲಿ ದುಂಡನೆಯ ಗುರುತು ಉಳಿಯುತ್ತದೆ, ‘ಟಕ್’ ಎಂಬುದು ಮೊಣಕೈವರೆಗೆ ಏರುತ್ತದೆ. ಅಂಗೈಯಲ್ಲಿ ಅದ್ಯಾವುದೂ ಇರಲಿಲ್ಲ.

“ಹಾಕ್ಬೇಡಿ ಭಾವ!”

ಭಾವ ಬಾಗಿಲಿನಿಂದ ಕೈ ತೆಗೆದು ಟಾರ್ಚಿನ ಬೆಳಕು ಬಿಟ್ಟರು. ಕೆಂಪು ಬಟನ್ ಮೇಲೆದ್ದುಕೊಂಡೇ ಇತ್ತು. ಬಗ್ಗಿದಾಗಲೇ ತಲೆಯೊಳಗೆ ವಾದ ನಡೆಯುತ್ತಿದ್ದರಿಂದ, ಕೈಯನ್ನು ಬಿಟ್ಟು ಬಾಯೊಂದೇ ಕೆಲಸ ಮುಗಿಸಿತ್ತು. ತೆರೆದ ಬಾಗಿಲಾಚೆ, ಮೇಲಿನ ಯಾವುದೋ ಮಹಡಿಯಿಂದ ಕರೆ ಬಂದಿದೆಯೆಂದು ದೀಪ ಉರಿಯುತ್ತಿತ್ತು.

ಭಾವ ಕಂಬಿಯ ಹಿಂದಿನಿಂದ ಕೈಯನ್ನು ಮೆಲ್ಲಗೆ, ಬೇರೆ ಯಾರದೋ ಕೈ ಎಂಬಂತೆ, ಹೊರಗೆ ತೆಗೆದರು. “ಒತ್ತಿದೆ ಅಂದ್ಯಲ್ಲೋ.”

“ಅಂದೆ. ಯಾಕಂದ್ರೆ...” ಅವನು ನಿಲ್ಲಿಸಿದ. “ಒತ್ತಿರ್ಲಿಲ್ಲ ಭಾವ.”

ಈಗ ಒತ್ತಿದ. ಟಕ್. ಕೂಗಿದ. ಭಾವ ಮರುಕೂಗಲಿಲ್ಲ, ಅಂಬೆಗಾಲಿಟ್ಟು ಬಂದು ಬಟನ್ ಮೇಲೆ ತಮ್ಮ ಅಂಗೈ ಇಟ್ಟು ನೋಡಿದರು. ಆಮೇಲೆ ಇಬ್ಬರೂ ಕೆಲಸ ಮುಗಿಸಿದರು.

ಸೂಪರ್‌ವೈಸರಿಗೆ ಅವನೇ ಎಲ್ಲ ಹೇಳಿದ. ಅವರು ಭಾವನ ಮುಖ ನೋಡಿದರು.

“ಇರ್ಲಿ ಬಿಡಿ,” ಎಂದರು ಭಾವ. “ಇವನ ಬಾಯಿ ನಂಬಲ್ಲ. ಇನ್ಮೇಲೆ ಬಟನ್ ನಾನೇ ಮುಟ್ಟಿ ನೋಡ್ತೀನಿ.”

ಸಂಜೆ ಮನೆಯಲ್ಲಿ ಅಕ್ಕ ನೀರು ತಂದಿಟ್ಟು ಒಳಗೆ ಹೋದಳು. ಭಾವ ಲೋಟ ಎತ್ತಿದರು, ಕುಡಿಯಲಿಲ್ಲ. ಅವನು ತಗ್ಗಿದ ದನಿಯಲ್ಲಿ ಕೇಳಿದ: “ಭಯ ಎಲ್ಲಿದೆ ಭಾವ?”

ಬೈಗುಳ ಬೀಳುತ್ತದೆಂದುಕೊಂಡಿದ್ದ. ಭಾವ ಲೋಟ ಕೆಳಗಿಟ್ಟು, ತಮ್ಮ ಮೈಯಲ್ಲೇ ಹುಡುಕಿದರು.

“ಮೊಣಕಾಲಲ್ಲಿ ಕಣೋ,” ಎಂದರು. “ಎರಡರಲ್ಲೂ.”